ಕೊಡದೆ ಉಳಿಸಿಕೊಂಡ ಚೀಟಿ

ಆ ಚೀಟಿಯನ್ನು ನಾನು ಕೊಡಲಿಲ್ಲ. ಅದು ಕಳೆದುಹೋಯಿತು, ಮರೆತುಹೋಯಿತು, ಕೆಲಸದ ಗಡಿಬಿಡಿಯಲ್ಲಿ ಬೇರೆ ಕಾಗದಗಳ ಜೊತೆ ಸೇರಿಹೋಯಿತು — ಇವನ್ನೆಲ್ಲ ಬೇರೆ ಬೇರೆ ವರ್ಷಗಳಲ್ಲಿ ನನಗೆ ನಾನೇ ಹೇಳಿಕೊಂಡು ನೋಡಿದ್ದೇನೆ. ಯಾವುದೂ ನಿಜವಲ್ಲ. ಡಾಕ್ಟರು ಬರೆದು ಕೈಗೆ ಕೊಟ್ಟ ಚೀಟಿಯನ್ನು ಓದಿದೆ, ಅರ್ಥ ಮಾಡಿಕೊಂಡೆ, ಆಮೇಲೆ ಅದನ್ನು ನನ್ನ ಮೇಜಿನ ಡ್ರಾಯರಿನಲ್ಲಿ ಬ್ಯಾಂಡೇಜ್ ಬಟ್ಟೆಯ ಕೆಳಗಿಟ್ಟು ಬೀಗ ಹಾಕಿದೆ. ಅದರಿಂದಾಗಿ ಒಬ್ಬ ಹೆಂಗಸು ಬಂಜೆ ಎನಿಸಿಕೊಂಡು ಗಂಡನ ಮನೆ ಬಿಟ್ಟಳು. ಅವಳ ಹೆಸರು ಗೌರಿ. ನನ್ನನ್ನು ಅಕ್ಕ ಎಂದು ಕರೆಯುತ್ತಿದ್ದಳು.

ಎಂಬತ್ತರ ದಶಕದ ಮೊದಲ ವರ್ಷಗಳು ಅವು. ಪೀಣ್ಯದಲ್ಲಿ ಗಿಯರು, ಆಕ್ಸಲು ತಯಾರಿಸುವ ಒಂದು ಕಾರ್ಖಾನೆಯಲ್ಲಿ ನಾನು ನರ್ಸು. ಒಂದು ಮಂಚ, ಒಂದು ಬೀರು, ತೂಕದ ಯಂತ್ರ, ನಾನು — ಇಷ್ಟೇ ನಮ್ಮ ಪ್ರಥಮ ಚಿಕಿತ್ಸೆಯ ಕೋಣೆ. ಡಾಕ್ಟರು ಸೋಮವಾರ, ಗುರುವಾರ ಎರಡೆರಡು ಗಂಟೆ ಬಂದು ಹೋಗುತ್ತಿದ್ದರು. ಉಳಿದಂತೆ ಕಣ್ಣಿಗೆ ಬಿದ್ದ ಕಬ್ಬಿಣದ ಚೂರು, ಸುಟ್ಟ ಕೈ, ಸೋಮವಾರ ಬೆಳಗ್ಗೆಯೇ ಬರುವ ಹೊಟ್ಟೆನೋವು, ಎಲ್ಲವೂ ನನ್ನ ಪಾಲಿಗೆ. ಡಾಕ್ಟರು ಬರೆದ ಯಾವ ಚೀಟಿಯೂ ನೇರವಾಗಿ ಮ್ಯಾನೇಜರ ಬಳಿ ಹೋಗುವ ಪದ್ಧತಿ ಇರಲಿಲ್ಲ. ರಜೆಯಾಗಲಿ, ಹಗುರ ಕೆಲಸವಾಗಲಿ, ಬೇರೆ ವಿಭಾಗಕ್ಕೆ ಬದಲಾವಣೆಯಾಗಲಿ, ನಾನು ರಿಜಿಸ್ಟರಿನಲ್ಲಿ ಬರೆದು, ನಾನೇ ಎದ್ದು ಹೋಗಿ, ಅವರ ಮೇಜಿನ ಮೇಲಿಟ್ಟು ಸಹಿ ಪಡೆಯಬೇಕಿತ್ತು. ಅಲ್ಲಿಯವರೆಗೆ ಅದು ಬರೀ ಕಾಗದ. ಶಿಸ್ತಿನ ಹೆಂಗಸು ಎಂದು ನನಗೆ ಹೆಸರಿತ್ತು. ನನ್ನ ರಿಜಿಸ್ಟರನ್ನು ಯಾರೂ ತೆರೆದು ನೋಡುತ್ತಿರಲಿಲ್ಲ.

ಮನೆ ನಾಗಸಂದ್ರದಲ್ಲಿ. ಮುನಿಯಮ್ಮ ಎನ್ನುವವರ ಹೊಲದ ಬಹುಪಾಲು ಕೈಗಾರಿಕಾ ಬಡಾವಣೆಗೆ ಹೋಗಿತ್ತು. ಮಿಕ್ಕ ಜಾಗದಲ್ಲಿ ಅವರು ಶೀಟಿನ ಸೂರಿನ ನಾಲ್ಕು ಮನೆ ಕಟ್ಟಿಸಿ ಬಾಡಿಗೆಗೆ ಬಿಟ್ಟಿದ್ದರು. ಮೊದಲನೆಯದರಲ್ಲಿ ನಾನು ಮತ್ತು ನನ್ನ ತಮ್ಮ ನಾಗ. ಅಂಗಳದ ಆ ಕಡೆ ಅವರದೇ ಹಳೆಯ ಮನೆ, ಕೊಟ್ಟಿಗೆ, ಎರಡು ಹಸು. ಮುನಿಯಮ್ಮನಿಗೆ ಒಬ್ಬನೇ ಮಗ, ಚಿಕ್ಕಣ್ಣ. ಅವನಿಗೂ ನಮ್ಮ ಕಾರ್ಖಾನೆಯಲ್ಲೇ ಕೆಲಸ — ಫರ್ನೆಸ್ ಮುಂದೆ. ಗಿಯರುಗಳನ್ನು ಕೆಂಪಗೆ ಕಾಯಿಸಿ, ಉದ್ದದ ಇಕ್ಕಳದಲ್ಲಿ ಎತ್ತಿ, ಎಣ್ಣೆಯ ತೊಟ್ಟಿಗೆ ಅದ್ದಬೇಕು. ಬಣ್ಣ ನೋಡಿಯೇ ಕಾವು ಹೇಳಬಲ್ಲವನು ಎಂದು ಸೂಪರ್‌ವೈಸರ್ ಅವನನ್ನು ಹೊಗಳುತ್ತಿದ್ದ. ದಿನಕ್ಕೆ ಎರಡು ಸಲ ಬಂದು ನನ್ನಿಂದ ಉಪ್ಪಿನ ಮಾತ್ರೆ ತೆಗೆದುಕೊಳ್ಳುತ್ತಿದ್ದ. ಬೆವರಿ ಬೆವರಿ ಸುಸ್ತಾಗಬಾರದೆಂದು ಬೆಂಕಿಯ ಕೆಲಸದವರಿಗೆಲ್ಲ ಅದನ್ನು ಕೊಡುತ್ತಿದ್ದೆವು. ಮಾತು ಕಡಿಮೆ. "ಕೊಡಿ ಸಿಸ್ಟ್ರೇ ನಿಮ್ ಪ್ರಸಾದ" ಅನ್ನುವುದೊಂದೇ ಅವನ ತಮಾಷೆ.

ಗೌರಿ ಅವನ ಹೆಂಡತಿ. ಹೂಡಿಯ ಕಡೆಯ ಹುಡುಗಿ, ಬೆಂಗಳೂರಿನ ಇನ್ನೊಂದು ತುದಿಯಿಂದ ಬಂದವಳು. ಮದುವೆಯಾಗಿ ಆರು ವರ್ಷವಾಗಿತ್ತು, ಮಕ್ಕಳಾಗಿರಲಿಲ್ಲ. ಬೆಳಗ್ಗೆ ಹಾಲು ತಂದುಕೊಟ್ಟು ನನ್ನ ಹೊಸ್ತಿಲ ಮೇಲೆ ಐದು ನಿಮಿಷ ಕೂತು ಹೋಗುವುದು ಅವಳ ರೂಢಿ. ಒಂದು ದಿನ ಹಾಗೆ ಕೂತವಳು ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಳ್ಳುತ್ತಾ, "ಅಕ್ಕ, ಆಸ್ಪತ್ರೇಲಿ ಇದ್ಕೇನಾರಾ ಮದ್ದೈತಾ?" ಎಂದು ಕೇಳಿದಳು. ಇದೆ ಎಂದೆ. ಇದ್ದದ್ದೂ ನಿಜ. ನಾನು ರಜೆ ಹಾಕಿ ಅವಳನ್ನು ಸರ್ಕಾರಿ ಹೆರಿಗೆ ಆಸ್ಪತ್ರೆಗೆ ಕರೆದುಕೊಂಡು ಹೋದೆ. ಆಗ ಅವಳ ಮೇಲೆ ನನಗಿದ್ದದ್ದು ನಿಜವಾದ ಅಕ್ಕರೆ. ಇದನ್ನು ಹೇಳುವುದು ನನ್ನ ಪರವಾಗಿ ಅಲ್ಲ — ಅಕ್ಕರೆ ಇದ್ದೂ ಮಾಡಿದೆ ಎಂಬುದೇ ನನ್ನನ್ನು ಕೊಲ್ಲುತ್ತಿರುವುದು.

ಮಕ್ಕಳಾಗದಿರುವುದಕ್ಕೆ ಕಾರಣ ಎಷ್ಟೋ ಇರುತ್ತವೆ. ಗರ್ಭನಳಿಕೆ ಮುಚ್ಚಿಕೊಂಡಿರಬಹುದು, ಒಳಗೊಳಗೇ ಕ್ಷಯ ತಗುಲಿರಬಹುದು, ಗೆಡ್ಡೆ ಇರಬಹುದು, ಥೈರಾಯ್ಡ್ ಏರುಪೇರಾಗಿರಬಹುದು, ತಿಂಗಳು ತಿಂಗಳು ಅಂಡ ಬಿಡುಗಡೆಯಾಗದೆ ಇರಬಹುದು. ಒಂದೊಂದನ್ನೇ ನೋಡಿದರು. ರಕ್ತ ತೆಗೆದರು, ಗರ್ಭಕೋಶದ ಒಳಪದರ ಕೆರೆದು ಪರೀಕ್ಷೆಗೆ ಕಳಿಸಿದರು, ಬಣ್ಣದ ದ್ರವ ಬಿಟ್ಟು ಎಕ್ಸ್‌ರೇ ತೆಗೆದರು. ಆ ಎಕ್ಸ್‌ರೇ ದಿನ ಗೌರಿ ನೋವಿಗೆ ನನ್ನ ಮಣಿಕಟ್ಟನ್ನು ಉಗುರು ಇಳಿಯುವಂತೆ ಹಿಡಿದಿದ್ದಳು. ನಳಿಕೆ ಎರಡೂ ತೆರೆದೇ ಇದ್ದವು. ಎಲ್ಲವೂ ಸರಿಯಾಗಿತ್ತು.

ಕೊನೆಗೆ ಉಳಿದದ್ದು ಅಂಡ ಬಿಡುಗಡೆಯಾಗುತ್ತದೋ ಇಲ್ಲವೋ ಎಂಬ ಪ್ರಶ್ನೆ. ಬೆಳಗ್ಗೆ ಎದ್ದ ಕೂಡಲೇ, ಹಾಸಿಗೆಯಿಂದ ಇಳಿಯುವ ಮೊದಲೇ ಮೈಶಾಖ ನೋಡಿ ಬರೆದಿಡಿ ಎಂದರು. ಆಗ ಅದೇ ಸುಲಭದ ದಾರಿ. ತಿಂಗಳ ನಡುವೆ ಶಾಖ ಒಂದಿಷ್ಟು ಏರಿ ನಿಂತರೆ ಅಂಡ ಬಿಡುಗಡೆಯಾಗಿದೆ ಎಂದು ಅರ್ಥ. ಗೌರಿಗೆ ಓದು ಬರುತ್ತಿರಲಿಲ್ಲ. ಥರ್ಮಾಮೀಟರಿನ ಗೆರೆ ಅವಳಿಗೆ ಕಾಣುತ್ತಲೂ ಇರಲಿಲ್ಲ. ಹಾಗಾಗಿ ನಾನೇ ಒಂದು ಏರ್ಪಾಡು ಮಾಡಿದೆ — ಬಾಯಲ್ಲಿಟ್ಟು ತೆಗೆದದ್ದನ್ನು ಒದರದೆ ಹಾಗೇ ನನ್ನ ಹತ್ತಿರ ತಾ, ನಾನು ಓದಿ ಬರೆದುಕೊಳ್ಳುತ್ತೇನೆ. ಒದರುವವರೆಗೆ ಪಾದರಸ ಇದ್ದಲ್ಲೇ ಇರುತ್ತದೆ. ದಿನಾ ಬೆಳಗ್ಗೆ ಅವಳು ಒಂದು ಕೈಯಲ್ಲಿ ಹಾಲಿನ ಚೊಂಬು, ಇನ್ನೊಂದು ಕೈಯಲ್ಲಿ ಥರ್ಮಾಮೀಟರ್ ಹಿಡಿದು, ಅಂಗಳದ ಕಲ್ಲುಗಳ ಮೇಲೆ ಎಚ್ಚರದಿಂದ ಹೆಜ್ಜೆಯಿಡುತ್ತಾ ಬರುತ್ತಿದ್ದಳು. ಹಾಲು ತುಳುಕಿದರೂ ಅವಳಿಗೆ ಚಿಂತೆ ಇರಲಿಲ್ಲ. ನಾನು ಕಿಟಕಿಯ ಬೆಳಕಿಗೆ ಹಿಡಿದು ನೋಡಿ, ಚೌಕುಳಿ ಹಾಳೆಯಲ್ಲಿ ಚುಕ್ಕೆ ಇಟ್ಟು, ಗೆರೆ ಎಳೆಯುತ್ತಿದ್ದೆ. ತಿಂಗಳ ನಡುವೆ ಗೆರೆ ಸರಿಯಾಗಿ ಏರುತ್ತಿತ್ತು. ಪ್ರತಿ ತಿಂಗಳೂ ಏರುತ್ತಿತ್ತು.

ಇನ್ನು ನೋಡಬೇಕಾದದ್ದು ಗಂಡನನ್ನು. ನಮ್ಮ ಕಾರ್ಖಾನೆಯ ಡಾಕ್ಟರೇ ಹಾಗೆಂದರು. ಆ ಕಾಲದಲ್ಲಿ ಗಂಡಸಿನ ಮುಂದೆ ಆ ಮಾತೆತ್ತುವುದು ಸುಲಭವಾಗಿರಲಿಲ್ಲ, ಈಗ ಸುಲಭವಾಗಿದೆ ಎಂದೂ ನಾನು ಹೇಳಲಾರೆ. ಉಪ್ಪಿನ ಮಾತ್ರೆಗೆ ಬಂದ ಚಿಕ್ಕಣ್ಣನನ್ನು ಕೂರಿಸಿ, ಗೋಡೆ ನೋಡುತ್ತಾ ಹೇಳಿದೆ. ಅವನೂ ಗೋಡೆ ನೋಡುತ್ತಾ ಕೇಳಿಸಿಕೊಂಡ. "ನೀವು ಯೋಳಿದ್ಮೇಲೆ ಆಯ್ತು ಸಿಸ್ಟ್ರೇ. ನಮ್ಮವ್ವುಂಗೆ ಮಾತ್ರ ಗೊತ್ತಾಗ್ಬಾರ್ದು" ಎಂದ. ಎಷ್ಟೋ ಗಂಡಸರು ಸಾಯಲಿಕ್ಕೂ ತಯಾರು, ಆ ಪರೀಕ್ಷೆಗೆ ತಯಾರಿಲ್ಲ. ಇವನು ಒಂದು ಮಾತಿಗೆ ಒಪ್ಪಿದ.

ಫಲಿತಾಂಶ ಲಕೋಟೆಯಲ್ಲಿ ನನ್ನ ಕೋಣೆಗೇ ಬಂತು. ವೀರ್ಯಾಣುಗಳು ಬಹಳ ಕಡಿಮೆ. ಇದ್ದವುಗಳಲ್ಲಿ ಚಲಿಸುವಂಥವು ಇನ್ನೂ ಕಡಿಮೆ. ಗುರುವಾರ ಡಾಕ್ಟರು ಅದನ್ನು ನೋಡಿ, "ಯಾವ ಸೆಕ್ಷನ್ ಸಿಸ್ಟರ್ ಇವನು?" ಎಂದರು.

"ಫರ್ನೆಸ್ ಸಾರ್. ಎಂಟು ವರ್ಷದಿಂದ."

ಅವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. "ನೋಡಿ, ಗಂಡಸಿನ ಆ ಭಾಗ ದೇಹದ ಹೊರಗಿರೋದೇ ತಣ್ಣಗಿರ್ಲಿ ಅಂತ. ದಿನಾ ಎಂಟು ಗಂಟೆ ಬೆಂಕಿ ಎದುರು ನಿಂತ್ರೆ? ಅದೇ ಕಾರಣ ಅಂತ ಖಂಡಿತ ಹೇಳೋಕಾಗಲ್ಲ. ಆದ್ರೆ ಮೊದ್ಲು ಅಲ್ಲಿಂದ ತೆಗೀಬೇಕು. ಹೊಸದು ತಯಾರಾಗೋಕೆ ಮೂರು ತಿಂಗ್ಳಾದ್ರೂ ಹಿಡಿಯುತ್ತೆ. ನಾಲ್ಕು ತಿಂಗ್ಳು ಬಿಟ್ಟು ಮತ್ತೆ ಟೆಸ್ಟ್ ಮಾಡ್ಸೋಣ." ಅಷ್ಟು ಹೇಳಿ ಮ್ಯಾನೇಜರ ಹೆಸರಿಗೆ ಚೀಟಿ ಬರೆದರು: ಇವನನ್ನು ನಾಲ್ಕು ತಿಂಗಳು ಬಿಸಿಯಿಂದ ದೂರದ ಕೆಲಸಕ್ಕೆ ಹಾಕಬೇಕು. ಕೆಳಗೆ ಸಹಿ, ಆ ದಿನದ ತಾರೀಖು.

ಚೀಟಿ ಹಿಡಿದು ನಾನು ಎದ್ದೆ. ರಿಜಿಸ್ಟರು ತೆರೆದೆ. ಪೆನ್ನಿನ ಮುಚ್ಚಳ ತೆಗೆದೆ. ಆಗ —

ಆಗ ನನಗೆ ನಾಗನ ನೆನಪಾಯಿತು.

ಅಮ್ಮ ತೀರಿಕೊಂಡಾಗ ನಾಗ ಆರನೇ ಕ್ಲಾಸು. ಅಪ್ಪ ಅದಕ್ಕೂ ಮುಂಚೆಯೇ ಹೋಗಿದ್ದರು. ನಾನು ಮದುವೆಯ ಯೋಚನೆ ಬಿಟ್ಟು ಅವನನ್ನು ಬೆಳೆಸಿದೆ, ಐಟಿಐ ಓದಿಸಿದೆ, ಕಾರ್ಖಾನೆಗೆ ಸೇರಿಸಿದೆ. ಆ ವರ್ಷವಷ್ಟೇ ಅವನಿಗೆ ವಿಮಲಳನ್ನು ತಂದು ಮದುವೆ ಮಾಡಿದ್ದೆ. ಅವನು ಪಕ್ಕದ ವಿಭಾಗದಲ್ಲಿದ್ದ. ಮೊದಲೆಲ್ಲ ಚಿಕ್ಕಣ್ಣ ರಜೆ ಹಾಕಿದ ದಿನಗಳಲ್ಲಿ ಫರ್ನೆಸ್ ನೋಡಿಕೊಳ್ಳುತ್ತಿದ್ದವನು ಅವನೇ. ಆ ಕೆಲಸ ಬಲ್ಲವರು ಇಡೀ ಕಾರ್ಖಾನೆಯಲ್ಲಿ ಇಬ್ಬರೇ — ಚಿಕ್ಕಣ್ಣ ಮತ್ತು ನನ್ನ ತಮ್ಮ. ಈ ಚೀಟಿ ಮ್ಯಾನೇಜರ ಮೇಜಿಗೆ ಹೋದ ಗಳಿಗೆಯಲ್ಲೇ ನಾಗ ಬೆಂಕಿಯ ಎದುರು ನಿಲ್ಲುತ್ತಾನೆ. ಬೆಂಕಿ ಏನು ಮಾಡುತ್ತದೆ ಎಂದು ನಾನು ಐದು ನಿಮಿಷದ ಹಿಂದೆ ಕೇಳಿಸಿಕೊಂಡಿದ್ದೆ.

ಪೆನ್ನಿಗೆ ಮುಚ್ಚಳ ಹಾಕಿದೆ.

ಶಾಶ್ವತವಾಗಿ ಮುಚ್ಚಿಡುತ್ತೇನೆ ಎಂದು ಆ ದಿನ ಅಂದುಕೊಳ್ಳಲಿಲ್ಲ. ವಿಮಲಳಿಗೆ ಒಂದು ಬಸಿರು ನಿಲ್ಲಲಿ, ಆಮೇಲೆ ಕೊಡುತ್ತೇನೆ ಎಂದುಕೊಂಡೆ. ಆರು ವರ್ಷ ಕಾದವರು ಇನ್ನೆರಡು ತಿಂಗಳು ಕಾಯಲಾರರೇ — ಇಂಥ ಲೆಕ್ಕಾಚಾರ ನನ್ನ ತಲೆಯಲ್ಲಿ ಎಷ್ಟು ಸಲೀಸಾಗಿ ನಡೆಯಿತು! ನಲ್ಲಿಯ ಮುಂದೆ ಸರದಿಯಲ್ಲಿ ನಿಂತವರ ಹಾಗೆ ನಾನು ಇಬ್ಬರು ಹೆಂಗಸರನ್ನು ನಿಲ್ಲಿಸಿ, ನನ್ನವಳನ್ನು ಮುಂದೆ ಬಿಟ್ಟೆ.

ಮೂರು ತಿಂಗಳಿಗೆ ವಿಮಲ ಬಸುರಾದಳು. ಈಗ ಕೊಡಬಹುದಲ್ಲ? ಡ್ರಾಯರು ತೆರೆದು ನೋಡಿದೆ — ತಾರೀಖು. ಇಷ್ಟು ದಿನ ಎಲ್ಲಿತ್ತು ಈ ಚೀಟಿ ಎಂದು ಕೇಳಿದರೆ ಏನು ಹೇಳಲಿ? ಅಷ್ಟರಲ್ಲಿ ಡಾಕ್ಟರೂ ಬದಲಾಗಿದ್ದರು. ಹೋಗುವ ಮೊದಲು ಅವರೊಮ್ಮೆ, "ಆ ಫರ್ನೆಸ್ ಹುಡುಗನ್ನ ತೆಗೆದ್ರಾ ಸಿಸ್ಟರ್?" ಎಂದು ಕೇಳಿದ್ದರು. "ಕೊಟ್ಟಿದೀನಿ ಸಾರ್" ಎಂದಿದ್ದೆ. ಹೊಸ ಡಾಕ್ಟರ ಹತ್ತಿರ ಮತ್ತೊಂದು ಚೀಟಿ ಬರೆಸಬಹುದಿತ್ತು. ಮತ್ತೊಮ್ಮೆ ಪರೀಕ್ಷೆ ಮಾಡಿಸಬಹುದಿತ್ತು. ದಾರಿಗಳೇನೂ ಮುಚ್ಚಿರಲಿಲ್ಲ. ಒಂದೊಂದು ದಾರಿಯಲ್ಲೂ ನನ್ನ ಮಾನಕ್ಕೆ ಒಂದಿಷ್ಟು ಕುಂದು ಬರುತ್ತಿತ್ತು, ಅಷ್ಟೇ. ಅಷ್ಟಕ್ಕೇ ನಾನು ಹಿಂಜರಿದೆ. ಚಿಕ್ಕಣ್ಣ ಒಂದೇ ಸಲ ಕೇಳಿದ, "ಅದು ಬಂತಾ ಸಿಸ್ಟ್ರೇ?" ಎಂದು. "ಬರುತ್ತೆ, ತಡ ಆಗುತ್ತೆ" ಎಂದೆ. ಅವನು ಮತ್ತೆ ಕೇಳಲಿಲ್ಲ. ಗಂಡಸರು ಅಂಥದ್ದನ್ನು ಎರಡನೇ ಸಲ ಕೇಳುವುದಿಲ್ಲ ಎಂದು ನನಗೆ ಗೊತ್ತಿತ್ತು. ಅದನ್ನೇ ನಂಬಿಕೊಂಡಿದ್ದೆ.

ಗೌರಿ ಮಾತ್ರ ದಿನಾ ಥರ್ಮಾಮೀಟರ್ ತರುತ್ತಿದ್ದಳು. ಅವಳಲ್ಲಿ ಏನೂ ಕೊರತೆಯಿಲ್ಲ ಎಂಬುದಕ್ಕೆ ಸಾಕ್ಷಿಯನ್ನು ತುಳುಕದಂತೆ, ಅಲುಗದಂತೆ ತಂದು ನನ್ನ ಕೈಗೇ ಕೊಡುತ್ತಿದ್ದಳು. ನಾನು ಓದಿ, ಚುಕ್ಕೆ ಇಟ್ಟು, "ನೋಡೋಣ ಗೌರಿ" ಎನ್ನುತ್ತಿದ್ದೆ. ಒಳಗೆ ವಿಮಲ ಬಚ್ಚಲಲ್ಲಿ ವಾಂತಿ ಮಾಡಿಕೊಳ್ಳುವ ಸದ್ದು ಕೇಳುತ್ತಿತ್ತು. ಗೌರಿ ಅವಳಿಗೆಂದು ಹುಣಸೆಹಣ್ಣು, ಮಾವಿನಕಾಯಿ ತರುತ್ತಿದ್ದಳು.

ಸೂಜಿ ಚಿಕಿತ್ಸೆಯ ಸುದ್ದಿ ತಂದವಳೂ ಗೌರಿಯೇ. ಮಲ್ಲೇಶ್ವರದಲ್ಲಿ ಒಬ್ಬ ಡಾಕ್ಟರು ಚೀನಾದವರ ವೈದ್ಯ ಮಾಡುತ್ತಾರಂತೆ, ಸೂಜಿ ಚುಚ್ಚುತ್ತಾರಂತೆ, ಯಾರೋ ಹದಿನಾಲ್ಕು ವರ್ಷದ ಮೇಲೆ ಹೆತ್ತರಂತೆ. "ಕರ್ಕೊಂಡು ಓಗ್ತೀರಾ ಅಕ್ಕ?" ನಾನು ಬೇಡ ಎನ್ನಬೇಕಿತ್ತು. ನಿನಗೆ ಯಾವ ಸೂಜಿಯೂ ಬೇಡ ಎನ್ನಬೇಕಿತ್ತು. ಬಸ್ಸು ಹತ್ತಿಸಿ ಕರೆದುಕೊಂಡು ಹೋದೆ. ವಾರಕ್ಕೆರಡು ಸಲ, ಹತ್ತು ಸಲ ಆದಮೇಲೆ ಸ್ವಲ್ಪ ಬಿಡುವು, ಮತ್ತೆ ಹತ್ತು ಸಲ.

ಆ ಡಾಕ್ಟರು ನಮ್ಮವರೇ; ಕೊಲಂಬೊಗೆ ಹೋಗಿ ಕಲಿತು ಬಂದಿದ್ದರು. ಮೋಸಗಾರರಲ್ಲ. ಎರಡೂ ಕೈಯ ನಾಡಿಯನ್ನು ಮೂರು ಬೆರಳಿಟ್ಟು ತುಂಬಾ ಹೊತ್ತು ನೋಡಿದರು, ನಾಲಿಗೆ ನೋಡಿದರು. ಚೀನೀ ವೈದ್ಯದ ಪ್ರಕಾರ ಮೂತ್ರಪಿಂಡದ ಶಕ್ತಿ ಕುಂದಿದರೆ ಗರ್ಭಕೋಶ ತಣ್ಣಗಾಗುತ್ತದೆ, ತಣ್ಣನೆಯ ನೆಲದಲ್ಲಿ ಬೀಜ ಮೊಳೆಯುವುದಿಲ್ಲ ಎಂದು ವಿವರಿಸಿದರು. ಕೂದಲಿನಷ್ಟು ಸಣ್ಣ ಸೂಜಿಗಳನ್ನು ಕಾಲಿಗೆ, ಪಾದದ ಗಂಟಿನ ಮೇಲೆ, ಕಿಬ್ಬೊಟ್ಟೆಗೆ ಚುಚ್ಚಿ, ಇಪ್ಪತ್ತು ನಿಮಿಷ ಬಿಡುತ್ತಿದ್ದರು. ಒಣಗಿದ ಸೊಪ್ಪನ್ನು ಬೀಡಿಯ ಹಾಗೆ ಸುತ್ತಿ, ಹೊತ್ತಿಸಿ, ಹೊಕ್ಕುಳ ಕೆಳಗೆ ಹತ್ತಿರ ಹಿಡಿದು ಕಾವು ಕೊಡುತ್ತಿದ್ದರು. ಕೋಣೆಯೆಲ್ಲ ಮಾಚಿಪತ್ರೆ ಸುಟ್ಟ ವಾಸನೆ. ಕುಡಿಯಲು ಕರಿಯ ಕಷಾಯ. ಎಷ್ಟು ಕಹಿಯೆಂದರೆ ಗೌರಿ ಮೂಗು ಹಿಡಿದುಕೊಂಡು ನುಂಗಿ, ಆಮೇಲೆ ನನ್ನನ್ನು ನೋಡಿ ನಗುತ್ತಿದ್ದಳು. ಒಮ್ಮೆ ಕೆಂಡದ ಕಿಡಿ ಬಿದ್ದು ಹೊಟ್ಟೆಯ ಮೇಲೆ ಬೊಬ್ಬೆ ಎದ್ದಿತು. ಅವಳು ಹಾ ಎನ್ನಲಿಲ್ಲ. ಗಂಡ ಬೆಂಕಿಯ ಮುಂದೆ ಬೇಯುತ್ತಿದ್ದಾನೆ, ಹೆಂಡತಿಗೆ ಮೈ ತಣ್ಣಗಿದೆಯೆಂದು ಬಿಸಿ ಕೊಡಿಸುತ್ತಿದ್ದೇನೆ — ಇದು ನನಗೆ ಗೊತ್ತಿಲ್ಲದೆ ನಡೆದದ್ದಲ್ಲ. ಅವಳ ಪಕ್ಕದ ಸ್ಟೂಲಿನ ಮೇಲೆ ಕೂತು, ಅವಳ ಕೈಚೀಲ ತೊಡೆಯ ಮೇಲಿಟ್ಟುಕೊಂಡು ನೋಡುತ್ತಿದ್ದೆ.

ನಾಲ್ಕನೆಯದೋ ಐದನೆಯದೋ ಸಲ ಹೋದಾಗ ಅವರು ಸೂಜಿ ತೆಗೆಯುತ್ತಾ ಹೇಳಿದರು: "ಇವರ ನಾಡಿ ಚೆನ್ನಾಗೇ ಇದೆ. ಮುಂದಿನ ಸಲ ಯಜಮಾನ್ರನ್ನೂ ಕರ್ಕೊಂಡು ಬನ್ನಿ. ಅವರನ್ನೂ ನೋಡ್ಬೇಕು. ಇದು ಒಬ್ಬರ ವಿಷಯ ಅಲ್ಲ."

ಗೌರಿ ನನ್ನ ಕಡೆ ತಿರುಗಿದಳು. ಆ ಮುಖವನ್ನು ನಾನು ಸಾಯುವವರೆಗೂ ಮರೆಯುವುದಿಲ್ಲ — ಅದರಲ್ಲಿ ಹೆದರಿಕೆಯೂ ಇತ್ತು, ಆಸೆಯೂ ಇತ್ತು. ಏನಾದರೂ ಹೇಳು ಅಕ್ಕ ಎಂಬಂತೆ ನೋಡಿದಳು. ನಾನು ಹೇಳಿದೆ. ಆಸ್ಪತ್ರೆಯ ದನಿಯಲ್ಲಿ, ಒಂದಿಷ್ಟೂ ತಡವರಿಸದೆ ಹೇಳಿದೆ:

"ಅವ್ರದ್ದು ಟೆಸ್ಟ್ ಆಗಿದೆ ಡಾಕ್ಟ್ರೇ. ನಾನೇ ಮಾಡ್ಸಿದೀನಿ. ಏನೂ ತೊಂದ್ರೆ ಇಲ್ಲ."

ನರ್ಸು ಹೇಳಿದ ಮೇಲೆ ಡಾಕ್ಟರು ಇನ್ನೇನು ಕೇಳುತ್ತಾರೆ? ತಲೆಯಾಡಿಸಿದರು. ಗೌರಿ ಮತ್ತೆ ಮಲಗಿ ಕಣ್ಣು ಮುಚ್ಚಿಕೊಂಡಳು. ವಾಪಸು ಬರುವಾಗ ಬಸ್ಸಿನಲ್ಲಿ ಅವಳು ಕಿಟಕಿಯ ಕಡೆ ಮುಖ ಮಾಡಿಯೇ ಕೂತಿದ್ದಳು. ಯಶವಂತಪುರ ದಾಟಿದ ಮೇಲೆ, "ಅಂಗಾರೆ ನಂದೇ" ಎಂದಳು. ಅಷ್ಟೇ. ನಾನು ಟಿಕೆಟ್ಟನ್ನು ಮಡಿಸುತ್ತಾ, ಬಿಡಿಸುತ್ತಾ ಇದ್ದೆ. ಆ ಎರಡು ಮಾತಿಗೆ 'ಅಲ್ಲ' ಎಂಬ ಒಂದು ಉತ್ತರ ಸಾಕಾಗಿತ್ತು. ಗೊರಗುಂಟೆಪಾಳ್ಯ ಬಂತು, ಪೀಣ್ಯ ಬಂತು, ನಾಗಸಂದ್ರ ಬಂತು, ಇಳಿದೆವು.

ಆಮೇಲೆ ಅವಳು ಬದಲಾದಳು. ಯಾರ ಮನೆಯಲ್ಲಿ ತೊಟ್ಟಿಲಿಗೆ ಹಾಕಿದರೂ ಹೋಗುವುದನ್ನು ಬಿಟ್ಟಳು. ಕರೆಯುವವರು ಬಿಡುವ ಮೊದಲೇ ತಾನಾಗಿ ಬಿಟ್ಟಳು. ವಿಮಲಳ ಸೀಮಂತದ ದಿನ ಅಡುಗೆಯನ್ನೆಲ್ಲ ಮಾಡಿಕೊಟ್ಟು, ಆರತಿಯ ಹೊತ್ತಿಗೆ ಕೊಟ್ಟಿಗೆಗೆ ಹೋಗಿ ಹಸುವಿಗೆ ಹುಲ್ಲು ಹಾಕುತ್ತಾ ನಿಂತಿದ್ದಳು. ನಾನು ಹೋಗಿ ಕರೆಯಲಿಲ್ಲ. ವಿಮಲಳಿಗೆ ಹೆಣ್ಣು ಹುಟ್ಟಿತು. ಆ ಮಗುವಿಗೆ ಮೊದಲು ಎಣ್ಣೆ ಹಚ್ಚಿ ನೀರೆರೆದವಳು ಮುನಿಯಮ್ಮ; ನೀರು ಕಾಯಿಸಿದವಳು ಗೌರಿ.

ಮುನಿಯಮ್ಮನನ್ನು ರಾಕ್ಷಸಿ ಎಂದು ಬರೆದರೆ ನನಗೆ ಅನುಕೂಲ. ಅವರು ಹಾಗಿರಲಿಲ್ಲ. ಸೊಸೆಯನ್ನು ಬೈದದ್ದನ್ನು ನಾನು ಕೇಳಿಲ್ಲ. ಒಂದು ಸಂಜೆ ನನ್ನ ಅಡುಗೆಮನೆಯ ಬಾಗಿಲಲ್ಲಿ ಬಂದು ಕೂತರು. ನೆಲಮಂಗಲದ ಕಡೆಯಿಂದ ಒಂದು ಸಂಬಂಧ ಬಂದಿತ್ತು. ಅದಕ್ಕೆ ಮಾತು ಕೊಡುವ ಮೊದಲು ಅವರು ನನ್ನನ್ನು ಕೇಳಲು ಬಂದಿದ್ದರು — ಓದಿದವಳು, ಆಸ್ಪತ್ರೆಯವಳು ಎಂದು.

"ಸಿಸ್ಟ್ರಮ್ಮ, ಬಾಯ್ಬಿಟ್ಟು ಯೋಳಿ. ನಮ್ಮುಡುಗುನ್ದು ಏನಾರಾ ಐತಾ? ಇದ್ರೆ ಇನ್ನೊಂದು ಎಣ್ಣಿನ ಬಾಳು ಯಾಕೆ ಆಳ್ಮಾಡ್ಲಿ?"

ಎಂಥ ನ್ಯಾಯವಂತ ಪ್ರಶ್ನೆ! ಅಕ್ಷರ ಬಾರದ ಆ ಮುದುಕಿ ಕೇಳಿದಷ್ಟು ನೇರವಾಗಿ ನಾನು ನನ್ನನ್ನೇ ಕೇಳಿಕೊಂಡಿರಲಿಲ್ಲ. ಆಗ ನಾಗನ ಮಗಳಿಗೆ ಏಳು ತಿಂಗಳು. ನನ್ನ ತೊಡೆಯ ಮೇಲೆಯೇ ಇತ್ತು. ನಾನು ಬಾಯಿ ತೆರೆದೆ — ತೆರೆದೆ, ನಿಜ — ಒಲೆಯ ಮೇಲೆ ಹಾಲು ಉಕ್ಕಿತು. ಮಗುವನ್ನು ಅವರ ಕೈಗೆ ಕೊಟ್ಟು ಒಳಗೆ ಹೋದೆ. ಹಾಲಿಳಿಸುವುದಕ್ಕೆ ಎಷ್ಟು ಹೊತ್ತು ಬೇಕು? ನಾನು ಒಲೆ ಒರೆಸಿದೆ, ಕಟ್ಟೆ ಒರೆಸಿದೆ, ಲೋಟಗಳನ್ನು ಸಾಲಾಗಿ ಬೋರಲು ಹಾಕಿದೆ. ಹೊರಗೆ ಬರುವಷ್ಟರಲ್ಲಿ ಮುನಿಯಮ್ಮ ಮಗುವಿನ ಜೊತೆ ಆಡುತ್ತಾ ತಾವೇ ಉತ್ತರ ಕಂಡುಕೊಂಡಿದ್ದರು. "ಇದ್ದಿದ್ರೆ ನೀವು ಯೋಳ್ದೆ ಇರ್ತಿದ್ರಾ" ಎಂದು ಎದ್ದು ಹೋದರು.

ಗೌರಿ ಹೋದದ್ದು ಒಂದು ಬುಧವಾರ, ಮಟಮಟ ಮಧ್ಯಾಹ್ನ. ಅವಳ ಅಣ್ಣ ಬಂದಿದ್ದ. ಜಗಳವಿಲ್ಲ, ಕೂಗಾಟವಿಲ್ಲ. ಒಂದು ಟ್ರಂಕು, ಒಂದು ಬಟ್ಟೆಗಂಟು. ಚಿಕ್ಕಣ್ಣ ಆ ದಿನ ರಜೆ ಹಾಕದೆ ಕೆಲಸಕ್ಕೆ ಹೋಗಿದ್ದ. ನೋಡಲಾರದೆ ಹೋಗಿದ್ದ ಎಂದೇ ನನ್ನ ನಂಬಿಕೆ. ನಾನು ಅರ್ಧ ದಿನ ರಜೆ ಕೇಳಿ ಬಂದಿದ್ದೆ. ಯಾಕೆ ಬಂದೆ? ಕೊನೆಯ ಗಳಿಗೆಯಲ್ಲಿ ಹೇಳಿಬಿಡುತ್ತೇನೆ ಎಂದುಕೊಂಡಿದ್ದೆನೇ? ಈಗ ಹಾಗೆಂದರೆ ಅದೂ ಒಂದು ಸುಳ್ಳಾದೀತು. ಗೌರಿ ಬಂದು ಥರ್ಮಾಮೀಟರನ್ನು ತೊಳೆದು, ಒರೆಸಿ, ಅದರ ಡಬ್ಬಿಯಲ್ಲಿಟ್ಟು ನನಗೆ ಕೊಟ್ಟಳು. "ನೀವೊಬ್ರೇ ಅಕ್ಕ ನನ್ಗೋಸ್ಕರ ಓಡಾಡಿದ್ದು" ಎಂದು ಬಗ್ಗಿ ಕಾಲು ಮುಟ್ಟಿದಳು. ನಾನು ಕಾಲು ಹಿಂದಕ್ಕೆ ಎಳೆದುಕೊಳ್ಳಲಿಲ್ಲ. ಅವಳು ಎದ್ದು, ಅಣ್ಣನ ಹಿಂದೆ ಬಸ್ ಸ್ಟ್ಯಾಂಡಿನ ಕಡೆ ನಡೆದಳು.

ಚಿಕ್ಕಣ್ಣನಿಗೆ ಎರಡನೇ ಮದುವೆಯಾಯಿತು. ಹುಡುಗಿಯ ಹೆಸರು ಸರೋಜ. ಹತ್ತೊಂಬತ್ತೋ ಇಪ್ಪತ್ತೋ ಇರಬೇಕು. ಅವಳಿಗೂ ಮಕ್ಕಳಾಗಲಿಲ್ಲ. ಎರಡು ವರ್ಷ ಕಳೆಯುವಷ್ಟರಲ್ಲಿ ಅವಳೂ ನನ್ನ ಹೊಸ್ತಿಲ ಮೇಲೆ ಬಂದು ಕೂತು, ಸೆರಗು ಸುತ್ತಿಕೊಳ್ಳುತ್ತಾ ಅದನ್ನೇ ಕೇಳಿದಳು. ಮುಂದಿನ ತಿಂಗಳೇ ನಾನು ಮನೆ ಬದಲಾಯಿಸಿದೆ. ಆ ಹೊತ್ತಿಗೆ ನಾಗನಿಗೆ ಎರಡನೆಯದೂ ಆಗಿತ್ತು. ಅವನು ಬೇರೆ ಕಾರ್ಖಾನೆಗೆ ಸೇರಿದ್ದ. ಇನ್ನು ಕಾಯುವುದಕ್ಕೆ, ಕಾಪಾಡುವುದಕ್ಕೆ ಏನೂ ಉಳಿದಿರಲಿಲ್ಲ. ಆದರೂ ಕೊಡಲಿಲ್ಲ. ಇದಕ್ಕೆ ನನ್ನ ಹತ್ತಿರ ಕಾರಣವೇ ಇಲ್ಲ. ಮೊದಲ ಮೂರು ತಿಂಗಳಿಗೆ ತಮ್ಮನ ಹೆಸರು ಹೇಳಬಹುದು. ಆಮೇಲಿನ ವರ್ಷಗಳೆಲ್ಲ ನನ್ನವೇ.

ಹಾಗೆಯೇ ಸಾಯುತ್ತಿದ್ದೆನೋ ಏನೋ. ಮೂರು ವರ್ಷದ ಹಿಂದೆ ಚಿಕ್ಕಣ್ಣ ತೀರಿಕೊಂಡ ಸುದ್ದಿ ಬಂತು. ನಾಗ ಹೋಗಿ ಮಣ್ಣು ಹಾಕಿ ಬಂದ. ಅವನಿಗೂ ಈಗ ನಿವೃತ್ತಿ, ತಲೆ ಪೂರ್ತಿ ಬೆಳ್ಳಗಾಗಿದೆ. ಸ್ನಾನ ಮಾಡಿ ಬಂದು, ಟವಲಿನಿಂದ ತಲೆ ಒರೆಸಿಕೊಳ್ಳುತ್ತಾ ಸುಮ್ಮನೆ ಮಾತಿಗೆ ಹೇಳಿದ: "ಒಳ್ಳೆ ಮನುಷ್ಯ ಕಣೆ ಅಕ್ಕ. ನನ್ ಮದ್ವೆ ಆದ್ ಹೊಸದ್ರಲ್ಲಿ ಒಂದಿನಾನೂ ನನ್ನ ಫರ್ನೆಸ್ ಹತ್ರ ನಿಲ್ಲೋಕೆ ಬಿಡ್ಲಿಲ್ಲ. 'ಹೊಸ ಮದ್ಲಿಂಗ, ಬಿಸಿ ಒಳ್ಳೇದಲ್ಲ, ಓಗಲೋ ಆ ಕಡೆ' ಅಂತ ಓಡಿಸ್ಬಿಡ್ತಿದ್ದ. ಜ್ವರ ಬಂದ್ರೂ ರಜಾ ಹಾಕ್ತಿರ್ಲಿಲ್ಲ. ಹಾಕಿದ್ರೆ ನನ್ನ ನಿಲ್ಲಿಸ್ತಾರೆ ಅಂತ."

ನಾನು ಕೂತಲ್ಲೇ ಕೂತೆ. ಬೆಂಕಿಯ ಮುಂದೆ ನಿಂತವನಿಗೆ ಮಕ್ಕಳಾಗುವುದಿಲ್ಲ ಎಂದು ಹಳೆಯ ಕೆಲಸಗಾರರು ತಮ್ಮತಮ್ಮಲ್ಲೇ ಆಡಿಕೊಳ್ಳುತ್ತಿದ್ದ ಮಾತು ಚಿಕ್ಕಣ್ಣನ ಕಿವಿಗೂ ಬಿದ್ದಿರಬೇಕು. ಅವನಿಗೆ ತನ್ನ ಮೇಲೆ ಅನುಮಾನವಿತ್ತೋ ಏನೋ. ಲಕೋಟೆಯ ಮಾತನ್ನು ಎರಡನೇ ಸಲ ಯಾಕೆ ಕೇಳಲಿಲ್ಲವೋ — ಅದು ಇನ್ನು ಯಾರಿಗೂ ಗೊತ್ತಾಗುವುದಿಲ್ಲ. ನನಗೆ ಗೊತ್ತಾದದ್ದು ಒಂದೇ: ಯಾವ ತಮ್ಮನನ್ನು ಕಾಪಾಡಲು ನಾನು ಚಿಕ್ಕಣ್ಣನ ಹೆಂಡತಿಯನ್ನು ಬಲಿ ಕೊಟ್ಟೆನೋ, ಆ ತಮ್ಮನನ್ನು ಅವನು ಯಾರೂ ಕೇಳದೆಯೇ ಕಾಪಾಡುತ್ತಿದ್ದ. ನಾನು ಕದ್ದದ್ದನ್ನು ಅವನು ಆಗಲೇ ಕೊಟ್ಟುಬಿಟ್ಟಿದ್ದ. ಅವತ್ತು ಅತ್ತ ಹಾಗೆ ನಾನು ಅಮ್ಮ ಸತ್ತಾಗಲೂ ಅತ್ತಿರಲಿಲ್ಲ. ನಾಗ ಹೆದರಿ ನೀರು ತಂದುಕೊಟ್ಟ. ಅವನಿಗೆ ಎಲ್ಲವನ್ನೂ ಹೇಳಿದೆ. ಅವನು "ನನ್ ಹೆಸರಲ್ಲಿ ಮಾಡಿದ್ಯಲ್ಲಾ ಅಕ್ಕ" ಎಂದು ಎದ್ದು ಹೊರಗೆ ಹೋದ.

ಅದಾದ ಮೇಲೂ ಹೂಡಿಗೆ ಹೋಗಲು ನನಗೆ ಎರಡು ವರ್ಷ ಹಿಡಿಯಿತು. ಕೆರೆಯ ಆಚೆ ಈಗ ಎತ್ತರದ ಕಟ್ಟಡಗಳು. ಗೌರಿಯ ಅಣ್ಣನ ಮನೆ ಮೂರು ಮಹಡಿಯಾಗಿದೆ, ಮೇಲೆಲ್ಲ ಬಾಡಿಗೆಯವರು. ಅಣ್ಣ ಇಲ್ಲ, ಅತ್ತಿಗೆ, ಅವರ ಮಕ್ಕಳು, ಸೊಸೆಯಂದಿರು. ಗೌರಿ ಅಂಗಳದಲ್ಲಿ ಕೂತು ಅವರೆಕಾಯಿ ಸುಲಿಯುತ್ತಿದ್ದಳು. ನನ್ನ ದನಿ ಕೇಳಿ ಗುರುತು ಹಿಡಿದಳು. ಚಾಪೆ ಹಾಕಿ, ನೀರು ತಂದು, ಪಕ್ಕದಲ್ಲಿ ಕೂತು ನನ್ನ ಮಂಡಿಯ ಮೇಲೆ ಕೈಯಿಟ್ಟಳು. ಆ ಕೈ ಅಲ್ಲಿರುವಾಗಲೇ ನಾನು ಹೇಳಿದೆ. ಪರೀಕ್ಷೆ, ಲಕೋಟೆ, ಚೀಟಿ, ನಾಗ, ಸೂಜಿ ಡಾಕ್ಟರ ಎದುರು ಹೇಳಿದ ಸುಳ್ಳು. ಯಾವುದನ್ನೂ ಬಿಡಲಿಲ್ಲ. ಕ್ಷಮಿಸು ಎಂಬ ಮಾತು ಬಾಯಿಗೆ ಬಂತು. ಕೇಳುವ ಹಕ್ಕು ನನಗಿಲ್ಲವೆನಿಸಿ ನುಂಗಿಕೊಂಡೆ.

ಅವಳು ಬೈಯಲಿಲ್ಲ. ಅಳಲೂ ಇಲ್ಲ. ಕೈಯನ್ನು ಮೆಲ್ಲಗೆ ನನ್ನ ಮಂಡಿಯಿಂದ ತೆಗೆದುಕೊಂಡಳು. ಒಂದಷ್ಟು ಅವರೆಕಾಯಿ ಸುಲಿದಳು. ಆಮೇಲೆ ಕೇಳಿದಳು:

"ಅಂಗಾರೆ ನನ್ನಲ್ಲಿ ಏನೂ ಐಬಿರ್ನಿಲ್ವಾ?"

"ಇರ್ಲಿಲ್ಲ ಗೌರಿ. ಒಂದೂ ಇರ್ಲಿಲ್ಲ."

ಅರವತ್ತು ದಾಟಿದ ಆ ಮುಖ ಒಂದು ಕ್ಷಣ ಏನಾಯಿತೋ ನಾನು ಹೇಳಲಾರೆ. ಅವಳು ಮೊರವನ್ನು ಪಕ್ಕಕ್ಕಿಟ್ಟು, ಗೋಡೆ ಹಿಡಿದು ಎದ್ದು ನಿಂತಳು. "ಬನ್ನಿ" ಎಂದಳು, ಅಕ್ಕ ಎನ್ನಲಿಲ್ಲ. "ಒಳಗೆ ನಮ್ಮತ್ತಿಗೆ ಅವ್ಳೆ, ಸೊಸೇರು ಅವ್ರೆ. ಈಗ ಯೋಳಿದ್ರಲ್ಲ, ಅದ್ನ ಅವ್ರ ಮುಂದೆ ಒಂದ್ಸಲ ಯೋಳಿ. ಜೋರಾಗಿ ಯೋಳಿ — ಅತ್ತಿಗೆಗೆ ಕಿವಿ ಒಸಿ ಮಂದ."

ಒಳಗೆ ಹೋಗಿ ಎಲ್ಲರ ಮುಂದೆ ನಿಂತು ಜೋರಾಗಿ ಹೇಳಿದೆ. ಅತ್ತಿಗೆಗೆ ಕೇಳಿಸಲಿಲ್ಲವೆಂದು ಇನ್ನೊಮ್ಮೆ ಹೇಳಿದೆ. ಗೌರಿ ಬಾಗಿಲಿಗೆ ಒರಗಿ ನಿಂತು ಪೂರ್ತಿ ಕೇಳಿಸಿಕೊಂಡಳು. ಮುಗಿದ ಮೇಲೆ ನನಗೆ ಕೂರಿ ಎಂದು ಯಾರೂ ಹೇಳಲಿಲ್ಲ. ನಾನು ಚಪ್ಪಲಿ ಹಾಕಿಕೊಂಡು ಹೊರಗೆ ಬಂದೆ.